ದಾರೀಲೊಂದು ಸಣ್ಣ ಸ್ಟಾಪು

ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಲಾಸ್ ಏಂಜಲೀಸಿಗೆ ಹೋಗುವುದು ಅಂಥ ಘನಂದಾರಿ ಕೆಲಸವೇನಲ್ಲ. ಐ-5 ಹೆದ್ದಾರಿ ಹತ್ತಿ ಸ್ಟೀರಿಂಗ್ ನೆಟ್ಟಗೆ ಹಿಡಿದು ಕೂತರೆ ಸುಮಾರು 380 ಮೈಲಿ, ಆರು ಗಂಟೆ. ಕೋಲಿಂಗಾ ಬಂದಾಗ ಸಾವಿರಾರು ದನಗಳ ವಾಸನೆ ಕಾರೊಳಗೆ ನುಗ್ಗಿ ಅರ್ಧ ದಾರಿ ಮುಗಿಯಿತೆಂದು ತಾನೇ ತಿಳಿಸುತ್ತದೆ. ಫಲಕ ಓದುವ ಶ್ರಮವೂ ಇಲ್ಲ.

ಕಷ್ಟ ಇರುವುದು ಪ್ಲಾನ್ ಮಾಡುವುದರಲ್ಲಿ. ಈ ಎರಡು ಊರುಗಳ ನಡುವೆ ಜನ ವೇಗವಾಗಿ ಹೇಗೆ ಓಡಾಡಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 1996ರಲ್ಲೇ ಒಂದು ಪ್ರಾಧಿಕಾರ ಕಟ್ಟಿಕೊಂಡು ಯೋಚನೆಗೆ ಕೂತಿತು. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟಿನ ಕನ್ನಡ ಮನೆಗಳು ಪ್ರತಿ ಲಾಂಗ್ ವೀಕೆಂಡಿನ ಮುಂಚೆ ಅದೇ ಯೋಚನೆಗೆ ಕೂರುತ್ತವೆ. ಯಾರು ಯಾರಿಂದ ಕಲಿತರೋ ಗೊತ್ತಿಲ್ಲ, ಪದ್ಧತಿಯಂತೂ ಒಂದೇ.

ಮನೆಯ ಕಾಮಗಾರಿ ಎಕ್ಸೆಲ್ ಶೀಟಿನಿಂದ ಶುರು. ಹಾಸನದಿಂದ ಅತ್ತೆ–ಮಾವ ಬಂದಿರುತ್ತಾರೆ, ಅವರಿಗೆ ಹಾಲಿವುಡ್ ತೋರಿಸದೆ ವಾಪಸ್ ಕಳಿಸಿದರೆ ಅಳಿಯನ ಮರ್ಯಾದೆ ಏನಾಗಬೇಕು? ಹೊರಡುವ ಹೊತ್ತು, ಮೈಲಿ, ಚಾರ್ಜಿಂಗ್, ಬಾತ್‌ರೂಮು, ವೆಜ್ ಸಿಗುತ್ತೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಕಾಲಂ, ಒಂದೊಂದು ಬಣ್ಣ. ಮೊದಲ ಸಾಲು: ‘ಬೆಳಗ್ಗೆ 6ಕ್ಕೆ ಹೊರಡುವುದು.’ ಇದನ್ನು ಓದಿ ಮನೆಯಲ್ಲಿ ಒಬ್ಬರೂ ನಗುವುದಿಲ್ಲ. ಸರ್ಕಾರ 2008ರಲ್ಲಿ ಹಾಕಿದ ಮೊದಲ ಸಾಲಿಗೂ ಯಾರೂ ನಗಲಿಲ್ಲ: ಬುಲೆಟ್ ರೈಲು, ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸಿಗೆ 2 ಗಂಟೆ 40 ನಿಮಿಷ, 2020ಕ್ಕೆ ಸಿದ್ಧ. ಮತದಾರರು ಗಂಭೀರವಾಗಿ 9.95 ಬಿಲಿಯನ್ ಡಾಲರ್ ಸಾಲಕ್ಕೆ ‘ಹೂಂ’ ಅಂದರು.

ಆಮೇಲೆ ಬರುವುದು ಸ್ಟಾಪು.

‘ಹೇಗೂ ಹೋಗ್ತಾ ದಾರೀಲೇ ಇದ್ಯಲ್ಲ, ಲಿವರ್‌ಮೋರ್ ದೇವಸ್ಥಾನಕ್ಕೆ ಒಂದು ಕೈ ಮುಗಿದು ಹೋಗೋಣ’ ಅನ್ನುತ್ತಾರೆ ಅತ್ತೆ. ನ್ಯಾಯವಾದ ಬೇಡಿಕೆ. ಶಿವನೂ ಇದ್ದಾನೆ, ವಿಷ್ಣುವೂ ಇದ್ದಾನೆ, ಐ-5ಕ್ಕೆ ಹೋಗುವ ದಾರಿಯೂ ಅದೇ. ಆ ತುದಿಯಲ್ಲಿ ಮಾಲಿಬು ವೆಂಕಟೇಶ್ವರನನ್ನೂ ಸೇರಿಸಿದರೆ ಎರಡೂ ಕಡೆ ದೇವರ ಕಾವಲು. ಮಗಳಿಗೆ ಸಾಲ್ವಾಂಗ್ ಆಗಬೇಕು: ಡೆನ್ಮಾರ್ಕಿನವರು 1911ರಲ್ಲಿ ಕಟ್ಟಿದ ಊರು, ಗಾಳಿಗಿರಣಿಯ ಮುಂದೆ ಫೋಟೊ ಚೆನ್ನಾಗಿ ಬರುತ್ತದೆ. ಅದು ಐ-5ರಲ್ಲಿಲ್ಲ, ಹೆದ್ದಾರಿ 101ರ ಕಡೆ. ಸರಿ, ದಾರಿ 101ಕ್ಕೆ ಸರಿಯಿತು. ಮಕ್ಕಳಿಗೆ ಸ್ಯಾನ್ ಸಿಮಿಯನ್ ಹತ್ತಿರ ಮರಳಿನ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯುವ ಎಲಿಫೆಂಟ್ ಸೀಲ್‌ಗಳನ್ನು ನೋಡಬೇಕು. ಅವು ಸಮುದ್ರದಂಚಿನ ಹೆದ್ದಾರಿ 1ರಲ್ಲಿ. ಸರಿ, ದಾರಿ 1ಕ್ಕೆ ಸರಿಯಿತು. ಈಗ ಪೂರ್ವಕ್ಕಿರುವ ಲಿವರ್‌ಮೋರಿಗೆ ಹೋಗಿ ಕೈ ಮುಗಿದು, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಪಶ್ಚಿಮದ ಸಮುದ್ರಕ್ಕೆ ಓಡಬೇಕು. ಅಷ್ಟರಲ್ಲಿ ಅರ್ವೈನಿನ ಗೆಳೆಯನ ಫೋನು: ‘ಅಲ್ಲೀತನಕ ಬಂದು ನಮ್ಮನೆಗೆ ಊಟಕ್ಕೆ ಬರ್ದೇ ಹೋಗ್ತೀರೇನೋ?’ ಅರ್ವೈನ್ ಇರುವುದು ಲಾಸ್ ಏಂಜಲೀಸ್ ದಾಟಿ ನಲವತ್ತು ಮೈಲಿ ಆಚೆ. ಆದರೂ ಶೀಟಿನಲ್ಲಿ ಅದನ್ನು ‘ದಾರೀಲಿ’ ಅಂತಲೇ ಬರೆಯಲಾಗುತ್ತದೆ.

ರೈಲಿಗೂ ಹೀಗೇ ಆಯಿತು. ಐ-5ರ ಪಕ್ಕದಲ್ಲಿ, ಹೊಲ ಬಿಟ್ಟರೆ ಏನೂ ಇಲ್ಲದ ಕಡೆ, ನೆಟ್ಟಗೆ ಹಳಿ ಹಾಕಿ ಎಂದು ಫ್ರೆಂಚ್ ರೈಲ್ವೆಯವರು ಸಲಹೆ ಕೊಟ್ಟಿದ್ದರು. ಅಷ್ಟು ಸಲೀಸಾದರೆ ರಾಜಕಾರಣಿಗಳಿಗೆ ಏನು ಕೆಲಸ? ನಡುವಿನ ಕಣಿವೆಯ ಫ್ರೆಸ್ನೊ ಬೇಕೆಂದರು, ಬೇಕರ್ಸ್‌ಫೀಲ್ಡ್ ಬೇಕೆಂದರು, ಲಾಸ್ ಏಂಜಲೀಸ್ ಕೌಂಟಿಯವರು ತಮ್ಮ ಮರುಭೂಮಿಯಂಚಿನ ಪಾಮ್‌ಡೇಲ್ ಬಿಟ್ಟರೆ ಆಗುವುದಿಲ್ಲವೆಂದರು. ಕಣಿವೆಯ ಜನಕ್ಕೆ ರೈಲು ಬೇಕೆನ್ನುವುದರಲ್ಲಿ ತಮಾಷೆಯೇನಿಲ್ಲ, ಬಿಡಿ. ಫ್ರೆಸ್ನೊ ಐದು ಲಕ್ಷಕ್ಕೂ ಹೆಚ್ಚು ಜನರಿರುವ ಊರು. ಆದರೆ ಎಲ್ಲರ ಮನೆ ಮುಂದೆ ನಿಂತೂ 2 ಗಂಟೆ 40 ನಿಮಿಷದಲ್ಲೇ ತಲುಪುತ್ತೇವೆಂದು ಹೇಳಿದ್ದು ತಮಾಷೆ. ಫ್ರೆಂಚರು 2011ರಲ್ಲಿ ದೊಡ್ಡ ನಮಸ್ಕಾರ ಹಾಕಿ ಎದ್ದು ಮೊರಾಕೊಗೆ ಹೋದರು. ಅಲ್ಲಿ 2018ರಲ್ಲಿ ಬುಲೆಟ್ ರೈಲು ಓಡಿತು. ಅದೇ 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಒಂದು ಕೆಲಸ ಮುಗಿದಿತ್ತು: ಫ್ರೆಸ್ನೊ ನದಿಯ ಮೇಲೆ 1,600 ಅಡಿಯ ಒಂದು ಸೇತುವೆ. ಬುಲೆಟ್ ರೈಲಿನ ವೇಗದಲ್ಲಿ ಅದನ್ನು ದಾಟಲು ಐದಾರು ಸೆಕೆಂಡು ಸಾಕು. ರೈಲಿದ್ದರೆ.

ಹೆದ್ದಾರಿ 1ರ ವಿಷಯವನ್ನು ಪ್ಲಾನಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1937ರಲ್ಲಿ ತೆರೆದ ಆ ರಸ್ತೆ ಬಿಗ್ ಸರ್ ಬೆಟ್ಟದ ಹೊಟ್ಟೆಯನ್ನು ಕೊರೆದು ಸಮುದ್ರದ ನೆತ್ತಿಯ ಮೇಲೆ ಹೋಗುತ್ತದೆ. ಬೆಟ್ಟಕ್ಕೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಎಂಬಲ್ಲಿ ಗುಡ್ಡವೇ ಜಾರಿ ರಸ್ತೆಯ ಮೇಲೆ ಕೂತಿತು, ಮತ್ತೆ ಕಾರು ಓಡಿದ್ದು 2018ರ ಜುಲೈನಲ್ಲಿ. 2023ರ ಜನವರಿ ಮಳೆಗೆ ಇನ್ನೊಂದು ಕಡೆ ಕುಸಿತ. ಅದನ್ನು ತೆಗೆಯುತ್ತಿರುವಾಗಲೇ 2024ರಲ್ಲಿ ಮತ್ತೊಂದು ಕಡೆ. ಇಷ್ಟಾದರೂ ‘ಕ್ಯಾಲಿಫೋರ್ನಿಯಾದಲ್ಲಿ ಸಾಯುವ ಮುಂಚೆ ಓಡಿಸಲೇಬೇಕಾದ ರಸ್ತೆ’ ಎನ್ನುವ ವಿಡಿಯೊಗಳು ಬರುತ್ತಲೇ ಇವೆ. ಸಾಯುವ ಮುಂಚೆ ಎಂದು ಸೇರಿಸಿರುವುದು ರಸ್ತೆ ಯಾವಾಗ ತೆರೆದಿರುತ್ತದೋ ಗೊತ್ತಿಲ್ಲದ್ದಕ್ಕೇ ಇರಬೇಕು. ಇನ್ನು ಮಾಂಟೆರೆ ಹತ್ತಿರದ 17 ಮೈಲಿ ಡ್ರೈವ್: ಅಲ್ಲಿ ಶ್ರೀಮಂತರ ಬಂಗಲೆಗಳ ಕಾಂಪೌಂಡು ನೋಡುವುದಕ್ಕೆ ಗೇಟಿನಲ್ಲಿ ದುಡ್ಡು ಕೊಡಬೇಕು. ಕೊಟ್ಟು ನೋಡುತ್ತಾರೆ. ಶೀಟಿನಲ್ಲಿ ಅದಕ್ಕೂ ಒಂದು ಸಾಲುಂಟು.

ಇಷ್ಟೆಲ್ಲ ಕೇಳುತ್ತಾ ಕೂತಿದ್ದ ಮಾವನವರಿಗೆ ಒಂದು ಸಂಶಯ.

‘ಅಳಿಯಂದ್ರೆ, ಇಷ್ಟು ದೊಡ್ಡ ದೇಶದಲ್ಲಿ ಈಗ ಓಡೋ ರೈಲು ಒಂದೂ ಇಲ್ವಾ?’

‘ಇದೆ ಮಾವ. ಒಂದು ಸ್ಯಾನ್ ಹೋಸೆಯಿಂದ ಹೋಗುತ್ತೆ. ದಿನಕ್ಕೆ ಒಂದೇ, ಬೆಳಗ್ಗೆ ಹತ್ತಿದ್ರೆ ರಾತ್ರಿ ಇಳಿಸುತ್ತೆ.’

‘ಬೇರೆ?’

‘ಬೇರೆದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಸ್ ಹತ್ತಿ ಎಮರಿವಿಲ್‌ಗೆ ಹೋಗ್ಬೇಕು. ಅಲ್ಲಿ ರೈಲು ಹತ್ತಿ ಬೇಕರ್ಸ್‌ಫೀಲ್ಡ್‌ನಲ್ಲಿ ಇಳೀಬೇಕು. ಅಲ್ಲಿಂದ ಲಾಸ್ ಏಂಜಲೀಸಿಗೆ ಬಸ್ಸು.’

‘ರೈಲು ಅಲ್ಲಿಗೆ ಯಾಕೆ ನಿಲ್ಲುತ್ತೆ?’

‘ಮುಂದೆ ಬೆಟ್ಟ, ಮಾವ. ಹಳಿ ಇದೆ. ಆದ್ರೆ ಅದರ ಮೇಲೆ ಗೂಡ್ಸ್ ಮಾತ್ರ.’

ಮಾವನವರು ಸ್ವಲ್ಪ ಹೊತ್ತು ಯೋಚಿಸಿದರು. ‘ಅಂದ್ರೆ ಟೊಮೇಟೊ ಆಗಿದ್ರೆ ರೈಲಲ್ಲಿ ಹೋಗ್ಬಹುದಿತ್ತು’ ಅಂದರು. ಆಮೇಲೆ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣಿಸಿಕೊಂಡಿತು. ಹಾಸನ–ಬೆಂಗಳೂರು ಹೊಸ ರೈಲುಮಾರ್ಗ ತೊಂಬತ್ತರ ದಶಕದಲ್ಲಿ ಮಂಜೂರಾಗಿ 2017ರಲ್ಲಿ ಓಡಿದ್ದನ್ನು ಕಂಡ ಜೀವ ಅದು. ಇಷ್ಟು ದಿನ ಅಮೆರಿಕದ ರಸ್ತೆ, ಅಮೆರಿಕದ ನಲ್ಲಿ, ಅಮೆರಿಕದ ಹುಲ್ಲು ಅಂತ ಅಳಿಯನ ಬಾಯಲ್ಲಿ ಕೇಳಿ ಕೇಳಿ ಕುಗ್ಗಿದ್ದವರು ಸೋಫಾದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ‘ನಮ್ದು ಬಂತಪ್ಪಾ’ ಅಂದರು.

ಹಾಗಂತ ಇಲ್ಲಿನವರು ಏನೂ ಕಟ್ಟಿಲ್ಲ ಅನ್ನುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಪೇಟೆಯ ನಡುವೆ 2018ರಲ್ಲಿ ಭವ್ಯವಾದ ನಿಲ್ದಾಣ ತೆರೆದರು. ತಾರಸಿಯ ಮೇಲೆ ಐದು ಎಕರೆಗೂ ದೊಡ್ಡ ಪಾರ್ಕು, ನೆಲದಡಿಯಲ್ಲಿ ಬುಲೆಟ್ ರೈಲಿಗೆಂದು ಕಾಂಕ್ರೀಟಿನ ಭಾರಿ ಗುಹೆ. ರೈಲಿಲ್ಲ, ಹಳಿಯೂ ಇಲ್ಲ, ಗುಹೆ ಇದೆ. ಹೆಣ್ಣು ನೋಡುವ ಮುಂಚೆಯೇ ಛತ್ರ ಬುಕ್ ಮಾಡಿಟ್ಟ ಹಾಗೆ. ತೆರೆದ ಆರೇ ವಾರಕ್ಕೆ ತೊಲೆಯಲ್ಲಿ ಬಿರುಕು ಕಂಡು ಛತ್ರವನ್ನೇ ಕೆಲವು ತಿಂಗಳು ಮುಚ್ಚಿದ್ದರು ಅನ್ನುವುದು ಬೇರೆ ಮಾತು. ಕಾಗದದ ಕೆಲಸವನ್ನಂತೂ ಯಾರೂ ದೂರುವಂತಿಲ್ಲ: ಎರಡೂ ಊರುಗಳ ನಡುವಿನ 463 ಮೈಲಿಗೂ 2024ರ ಜೂನ್‌ನಲ್ಲಿ ಪರಿಸರ ಒಪ್ಪಿಗೆ ಸಿಕ್ಕಿದೆ. ಕಡತದ ಒಳಗೆ ಹತ್ತಿದರೆ ಲಾಸ್ ಏಂಜಲೀಸಿನಲ್ಲೇ ಇಳಿಯಬಹುದು.

ಖರ್ಚಿನ ಮಾತು ಹೇಳಿ ಯಾರ ಹೊಟ್ಟೆಯನ್ನೂ ಉರಿಸುವುದಿಲ್ಲ. ಮೊದಲು ಸುಮಾರು 33 ಬಿಲಿಯನ್ ಅಂದಿದ್ದರು, ಈಗ 100 ದಾಟಿ ಹೋಗಿದೆ. ಕೇಂದ್ರ ಸರ್ಕಾರ 2025ರಲ್ಲಿ ಸುಮಾರು 4 ಬಿಲಿಯನ್ ವಾಪಸ್ ಎಳೆದುಕೊಂಡಿತು. ಮನೆಯ ಶೀಟಿನಲ್ಲೂ ಒಂದು ರಾತ್ರಿಯ ಹೋಟೆಲು ಮೂರಾಗಿ, ಇದ್ದ ಕಾರು ಸಾಲದೆ ವ್ಯಾನು ಬಾಡಿಗೆಯಾಗಿ, ಕೆಳಗಿನ ಮೊತ್ತ ಕೆಂಪು ಬಣ್ಣಕ್ಕೆ ತಿರುಗಿರುತ್ತದೆ. ಅತ್ತೆ ಮಾತ್ರ ಇದಾವುದನ್ನೂ ಲೆಕ್ಕಿಸದೆ ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿದ್ದಾರೆ. ಇಡೀ ಯೋಜನೆಯಲ್ಲಿ ಹೇಳಿದ ಹೊತ್ತಿಗೆ, ಹೇಳಿದ ಖರ್ಚಿನಲ್ಲಿ ಮುಗಿದ ಕಾಮಗಾರಿ ಅದೊಂದೇ.

ಇಂಥ ಹೊತ್ತಲ್ಲಿ ನಾಯಕನಾದವನು ಗಟ್ಟಿ ನಿರ್ಧಾರ ತೆಗೆದುಕೊಳ್ಳಬೇಕು. ಗವರ್ನರ್ ಗ್ಯಾವಿನ್ ನ್ಯೂಸಮ್ 2019ರಲ್ಲಿ ತೆಗೆದುಕೊಂಡರು: ಪೂರ್ತಿ ದಾರಿ ಸದ್ಯಕ್ಕೆ ಆಗದು, ಮೊದಲು ಮರ್ಸೆಡ್‌ನಿಂದ ಬೇಕರ್ಸ್‌ಫೀಲ್ಡಿಗೆ 171 ಮೈಲಿ ಮುಗಿಸೋಣ. ಎರಡು ಮಹಾನಗರಗಳನ್ನು ಕೂಡಿಸಲು ಹೊರಟ ರೈಲು ಎರಡನ್ನೂ ಬಿಟ್ಟು ಮಧ್ಯದಲ್ಲಿ ಓಡಾಡುವುದಾಯಿತು. ಅದಕ್ಕೂ 2030 ದಾಟಬೇಕು.

ಫ್ರೀಮಾಂಟಿನ ಅಳಿಯನೂ ಹಿಂದೆ ಬೀಳಲಿಲ್ಲ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಮನೆಮಂದಿಯನ್ನೆಲ್ಲ ಹಾಲಿಗೆ ಕರೆದ. ಲಾಸ್ ಏಂಜಲೀಸನ್ನು ಕೈಬಿಟ್ಟಿಲ್ಲ, ಯಾರೂ ಹಾಗೆ ತಿಳಿಯಬಾರದು, ಅದೇ ನಮ್ಮ ಅಂತಿಮ ಗುರಿ, ಆದರೆ ಈ ವೀಕೆಂಡಿಗೆ ಮೊದಲ ಹಂತವಾಗಿ ಗಿಲ್‌ರಾಯ್‌ನಿಂದ ಲಾಸ್ ಬಾನೋಸ್‌ವರೆಗೆ ಹೋಗುವುದೆಂದು ತೀರ್ಮಾನವಾಗಿದೆ ಅಂದ.

ಮಾವನವರು ಕನ್ನಡಕ ಏರಿಸಿಕೊಂಡು ಮ್ಯಾಪು ನೋಡಿದರು.

‘ಇಲ್ಲಿಂದ ಗಿಲ್‌ರಾಯ್‌ಗೆ ಹೇಗೆ ಹೋಗೋದು?’

‘ಅದು ಎರಡನೇ ಹಂತ, ಮಾವ.’