ಧಾರವಾಡದ ಹಳೆಯ ಮನೆಗಳನ್ನು ಕೆಡವದಂತೆ ಕಾನೂನು ಬೇಕೇ?

ಪರ

ಬೇಕು. ಆದರೆ ಎಲ್ಲ ಹಳೆಯ ಮನೆಗೂ ಅಲ್ಲ. ಮೊದಲು ಒಂದು ಪಟ್ಟಿ ಆಗಲಿ. ಅದರಲ್ಲಿರುವ ಮನೆಗೆ ಕೈ ಹಚ್ಚುವ ಮುಂಚೆ ಪಾಲಿಕೆಯನ್ನು ಕೇಳಲಿ, ಅಷ್ಟೇ.

ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಸದರ್ನ್ ಮರಾಠಾ ರೈಲ್ವೆ ಬಂತು. ಅದರ ಮುಖ್ಯ ಕಚೇರಿ ಇದ್ದ ಕಟ್ಟಡದಲ್ಲೇ ಇವತ್ತು ಕರ್ನಾಟಕ ಕಾಲೇಜು ಇದೆ. ಸ್ಟೇಷನ್ ಹತ್ತಿರದ ಮಾಳಮಡ್ಡಿಯಲ್ಲಿ ಒಂದು ಹಂಚಿನ ಮನೆ ಎದುರು ನಿಂತರೆ ಈ ಚರಿತ್ರೆಯೆಲ್ಲ ನೆನಪಾಗುತ್ತದೆ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಉಳಿದಿದೆ. ದೊಡ್ಡವರ ಮನೆಯನ್ನು ಊರು ಹೇಗೋ ಉಳಿಸಿಕೊಳ್ಳುತ್ತದೆ. ಮಾಸ್ತರರ, ಗುಮಾಸ್ತರ ಮನೆಗಳಿಗೆ ಯಾರು ದಿಕ್ಕು?

ಮುಂಬೈಯಲ್ಲಿ 1995ರಲ್ಲೇ ಇಂಥ ನಿಯಮ ಬಂತು. ಪಟ್ಟಿಗೆ ಸೇರಿದ ಕಟ್ಟಡದ ಮೇಲೆ ಹೆಚ್ಚಿನ ಮಹಡಿ ಕಟ್ಟಲಾಗದ ಮಾಲೀಕರು ಆ ಹಕ್ಕನ್ನು ಬೇರೆಯವರಿಗೆ ಮಾರಬಹುದು. ಅದಕ್ಕೆ ಟಿಡಿಆರ್ ಅನ್ನುತ್ತಾರೆ. ಅದೇ ಊರಿನ ಕಡಲ ಬದಿಯ ಬಾಂದ್ರಾದಲ್ಲಿ, ರಣವಾರ್ ಓಣಿಗಳಲ್ಲಿ, ಮರದ ಜಗಲಿಯ ಮನೆಗಳು ಇನ್ನೂ ಒಂದಷ್ಟು ನಿಂತಿವೆ.

ನಾನಿರುವುದು ಫ್ಲ್ಯಾಟಿನಲ್ಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಕಷ್ಟ ನನಗಿಲ್ಲ. ಹಾಗಾಗಿ ಮಾಲೀಕರಿಗೆ ಹಣ ಕೊಡದೆ ಬರೀ ನೋಟಿಸ್ ಕೊಡುವ ಕಾನೂನಾದರೆ ನಾನೂ ಒಪ್ಪುವುದಿಲ್ಲ.

ವಿರೋಧ

ಬೇಡವೇ ಬೇಡ. ಮನೆ ಯಾರದ್ದೋ, ತೀರ್ಮಾನವೂ ಅವರದ್ದೇ ಆಗಬೇಕು.

ನಮ್ಮದೂ ಅಂಥದ್ದೇ ಮನೆ. ಸಾಗವಾನಿ ತೊಲೆ, ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ನೋಡೋಕೆ ಚಂದ. ಆದರೆ ಮಂಗಗಳು ಓಡಾಡಿ ವರ್ಷಾ ವರ್ಷಾ ಹಂಚು ಒಡೆಯುತ್ತಿದ್ದವು. ಕೈಯಾಡಿಸಲು ಬರುತ್ತಿದ್ದ ಅಜ್ಜ ತೀರಿಕೊಂಡರು, ಅವರ ಮಗ ಆಟೊ ಓಡಿಸುತ್ತಾನೆ. ಬೇರೆ ಜನ ಸಿಗಲಿಲ್ಲ. ಅಪ್ಪ ಮತ್ತು ಇಬ್ಬರು ಕಾಕಾಗಳ ನಡುವೆ ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿರಲಿಲ್ಲ. ರಿಪೇರಿ ಅಂದರೆ ಯಾರು ದುಡ್ಡು ಹಾಕಬೇಕು ಎಂಬಲ್ಲಿಗೇ ಮಾತು ನಿಲ್ಲುತ್ತಿತ್ತು. ಕಾನೂನು ಬಂದರೆ ಈ ಜಗಳವನ್ನು ಅದು ಬಗೆಹರಿಸುತ್ತದೆಯೇ?

ಒಂದು ಆಷಾಢದಲ್ಲಿ ಎಂಟು ದಿನ ಬಿಡದೆ ಮಳೆ. ಪಡಸಾಲೆಯಲ್ಲಿ ಬಕೆಟ್ಟು, ಕೊಡ, ಪರಾತ, ಇದ್ದಬದ್ದದ್ದನ್ನೆಲ್ಲ ಇಟ್ಟಿದ್ದೆವು. ಬೆಳಗಿನ ಜಾವ ಅಡುಗೆಮನೆಯ ಗೋಡೆ ಕುಸಿಯಿತು. ಅವ್ವ ಹಿಂದಿನ ವಾರದವರೆಗೂ ಆ ಗೋಡೆ ಪಕ್ಕದಲ್ಲೇ ಮಲಗುತ್ತಿದ್ದಳು. ಒಲೆ ಮೇಲಿನ ಗೂಡಿನ ಭಾಗವೊಂದು ನಿಂತಿತ್ತು, ಅದರಲ್ಲಿ ಉಪ್ಪಿನಕಾಯಿ ಭರಣಿ ಹಾಗೇ ಇತ್ತು. ಅವ್ವ ಅದನ್ನು ತಂದು, ಸೆರಗಿನಿಂದ ಮಣ್ಣು ಒರೆಸುತ್ತಾ ಕೂತಳು. ತುಂಬ ಹೊತ್ತಾದ ಮೇಲೆ, "ಇನ್ನ ಸಾಕಪಾ, ಕೆಡವಿಬಿಡು" ಅಂದಳು. ಐವತ್ತು ವರ್ಷ ಆ ಮನೆಯಲ್ಲಿ ಬಾಳಿದವಳು ಅವಳು. ಅವಳ ಮಾತಿಗಿಂತ ಪಾಲಿಕೆಯ ಪಟ್ಟಿ ದೊಡ್ಡದೇನು?

ಮುಂಬೈ ಕಥೆ ನಮಗೆ ಬೇಡ. ಅಲ್ಲಿನ ಜಾಗದ ದರ ಎಲ್ಲಿ, ಮಾಳಮಡ್ಡಿ ಎಲ್ಲಿ! ಉಳಿಸಿ ಉಳಿಸಿ ಅನ್ನುವವರು ಡಿಸೆಂಬರಿನಲ್ಲಿ ಬಂದು, ನಮ್ಮ ಕಟ್ಟೆ ಮೇಲೆ ಕೂತು ಫೋಟೊ ತೆಗೆಸಿಕೊಂಡು ಹೋದವರು. ಆಷಾಢದಲ್ಲಿ ಒಬ್ಬರೂ ಬರಲಿಲ್ಲ.

ಕೆಡವಿದ ದಿನ ನಾನೂ ಅತ್ತೆ. ತಲೆಬಾಗಿಲನ್ನು ಮಾತ್ರ ತಂದು ಹೊಸ ಮನೆಗೆ ಕೂಡಿಸಿದ್ದೇವೆ. ಚೌಕಟ್ಟಿನ ಬುಡಕ್ಕೆ ಒರಲೆ ಹತ್ತಿತ್ತು. ನಾಲ್ಕು ಇಂಚು ಕತ್ತರಿಸಬೇಕಾಯಿತು.