ನಮ್ಮಲ್ಲಿ ಲಾಬಿ ಇಲ್ಲ ಸ್ವಾಮಿ

ಕಂಪನಿಗಳ ಪರವಾಗಿ ಸರ್ಕಾರದ ಕಿವಿಗೆ ಮಾತು ಹಾಕುವ ಲಾಬಿಗಾರರು ದೆಹಲಿಯಲ್ಲಿ ಇಲ್ಲ. ನಂಬಿ. ಸರ್ಕಾರದ ಯಾವ ರಿಜಿಸ್ಟರಿನಲ್ಲೂ ಅವರ ಹೆಸರಿಲ್ಲ. ಅಂಥದ್ದೊಂದು ರಿಜಿಸ್ಟರೇ ಇಲ್ಲ, ಕಾನೂನೂ ಇಲ್ಲ. ಮಂತ್ರಿಗಳ ಬಂಗಲೆಗೆ ಬಂದುಹೋಗುವ ಕೋಟು-ಟೈಗಳೆಲ್ಲ ಕಾರ್ಪೊರೇಟ್ ಅಫೇರ್ಸ್‌ನವರು, ಪಾಲಿಸಿ ಅಡ್ವೈಸರ್‌ಗಳು. ಸುಮ್ನೆ ಕಾಫಿಗೆ ಬಂದಿರುತ್ತಾರೆ. ಅವರು ಎದ್ದು ಹೋದ ಮೇಲೆ ಸುಂಕ ಇಳಿದರೆ ಅದು ಕಾಫಿಯ ಗುಣ. ತಾಲ್ಲೂಕು ಕಚೇರಿ ಮುಂದೆ ಮರದ ಕೆಳಗೆ ಕೂತು ಖಾತೆ ಮಾಡಿಸಿಕೊಡುವವನನ್ನು ಮಾತ್ರ ನಾವು ಬ್ರೋಕರ್ ಎನ್ನುತ್ತೇವೆ. ಪಾಪ, ಅವನಿಗೆ ವಿಸಿಟಿಂಗ್ ಕಾರ್ಡ್ ಇಲ್ಲ.

ಹೀಗೆ ನೆಮ್ಮದಿಯಾಗಿದ್ದಾಗ 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಚಿಲ್ಲರೆ ವ್ಯಾಪಾರದ ದೈತ್ಯ ವಾಲ್‌ಮಾರ್ಟ್ ಎಡವಟ್ಟು ಮಾಡಿತು. ಲೆಕ್ಕ ಕೊಟ್ಟುಬಿಟ್ಟಿತು! ಯಾವ ವಿಷಯಕ್ಕೆ ಲಾಬಿ ಮಾಡಿದೆವು, ಎಷ್ಟು ಖರ್ಚಾಯಿತು ಎಂದು ಅಮೆರಿಕದಲ್ಲಿ ಮೂರು ತಿಂಗಳಿಗೊಮ್ಮೆ ಬರೆದುಕೊಡಬೇಕು. 2008ರಿಂದ ಸುಮಾರು 2.5 ಕೋಟಿ ಡಾಲರ್ ಖರ್ಚು. ಉದ್ದನೆಯ ಪಟ್ಟಿಯಲ್ಲಿ ಭಾರತದ ಎಫ್‌ಡಿಐ, ಅಂದರೆ ನೇರ ವಿದೇಶಿ ಬಂಡವಾಳ, ಕೂಡ ಒಂದು ಐಟಂ. ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಬಂಡವಾಳ ಬೇಡ ಎಂಬ ನಿರ್ಣಯ ಲೋಕಸಭೆಯಲ್ಲಿ ಬಿದ್ದು ಆಗಿನ್ನೂ ಕೆಲವೇ ದಿನ. ಸಂಸತ್ತಿನಲ್ಲಿ ಗದ್ದಲವೋ ಗದ್ದಲ. ಈ ಲಾಬಿಯ ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ಬಂತು. ಖಚಿತವಾಗಿ ಏನೂ ತಿಳಿಯಲಿಲ್ಲ.

ಹಾಗಂತ ನಮ್ಮ ಸರ್ಕಾರಕ್ಕೆ ಲಾಬಿ ಅಂದರೆ ಗೊತ್ತಿಲ್ಲ ಎಂದುಕೊಳ್ಳಬೇಡಿ. 2025ರಲ್ಲಿ ವಾಷಿಂಗ್ಟನ್‌ನ ನಮ್ಮ ರಾಯಭಾರ ಕಚೇರಿ ಎಸ್‌ಎಚ್‌ಡಬ್ಲ್ಯು ಪಾರ್ಟ್‌ನರ್ಸ್ ಎಂಬ ಸಂಸ್ಥೆಯನ್ನು ವರ್ಷಕ್ಕೆ 18 ಲಕ್ಷ ಡಾಲರ್‌ಗೆ ಗೊತ್ತುಮಾಡಿತು. ಟ್ರಂಪ್ ಅವರ ಹಳೆಯ ಸಲಹೆಗಾರ ಜೇಸನ್ ಮಿಲ್ಲರ್ ಅವರದು ಅದು. ಸಾಲದೆಂದು ಆಗಸ್ಟ್‌ನಲ್ಲಿ ಮರ್ಕ್ಯುರಿ ಎಂಬ ಇನ್ನೊಂದು ಸಂಸ್ಥೆ, ತಿಂಗಳಿಗೆ 75 ಸಾವಿರ ಡಾಲರ್. ಅದೇ ತಿಂಗಳು ಟ್ರಂಪ್ ನಮ್ಮ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದರು. ಕಾಫಿಗೆ ಡಿಕಾಕ್ಷನ್ ಕಮ್ಮಿಯಾಗಿತ್ತೇನೋ.

ಇದೆಲ್ಲ ಗುಟ್ಟೇನಲ್ಲ. ಹೊರದೇಶದ ಪರ ಕೆಲಸ ಮಾಡುವ ಏಜೆಂಟರು ನೋಂದಣಿ ಮಾಡಿಸಬೇಕು ಎಂದು ಅಮೆರಿಕ 1938ರಲ್ಲೇ ಕಾನೂನು ಮಾಡಿದೆ. ಒಪ್ಪಂದದ ಪ್ರತಿ, ಫೀಸು, ಯಾರನ್ನು ಸಂಪರ್ಕಿಸಿದರು ಎಂಬ ವಿವರ, ಎಲ್ಲ ಅಲ್ಲಿನ ನ್ಯಾಯ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮಾಹಿತಿ ಹಕ್ಕು ಅರ್ಜಿಗೆ ಲಗತ್ತಿಸುವ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೂಡ ಬೇಡ. ನಮ್ಮ ಸರ್ಕಾರ ಅಲ್ಲಿ ಯಾರ ಕೈಲಿ ಯಾರಿಗೆ ಹೇಳಿಸಿತು ಎಂಬುದನ್ನು ಹಾವೇರಿಯಲ್ಲಿ ಕೂತು ಓದಬಹುದು. ನಮ್ಮ ಸರ್ಕಾರಕ್ಕೆ ಇಲ್ಲಿ ಯಾರು ಬಂದು ಹೇಳಿದರು ಎಂದು ಮಾತ್ರ ಕೇಳಬಾರದು.

ಒಂದು ಸಲ ಕೇಳಿಸಿತ್ತು, ನಿಜ. 2010ರಲ್ಲಿ ನೀರಾ ರಾಡಿಯಾ ಅವರ ಫೋನ್ ಮಾತುಕತೆಯ ಟೇಪುಗಳು ಹೊರಬಂದಾಗ. ರಾಡಿಯಾ ಟಾಟಾದವರಿಗೂ ಮುಕೇಶ್ ಅಂಬಾನಿಯವರ ರಿಲಯನ್ಸ್‌ಗೂ ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕದ ಕೆಲಸ, ಮಾಡುತ್ತಿದ್ದವರು. ಮಂತ್ರಿ ಖಾತೆ ಯಾರಿಗೆ ಎಂಬ ಮಾತುಕತೆಯಲ್ಲಿ ದೆಹಲಿಯ ಹೆಸರಾಂತ ಪತ್ರಕರ್ತರ ದನಿಯೂ ಇತ್ತು. 2022ರಲ್ಲಿ ಸಿಬಿಐ, ಇದರಲ್ಲಿ ಅಪರಾಧ ಕಂಡುಬಂದಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೇಳಿತು. ಸರಿಯೇ ಅಲ್ವಾ? ನಿಯಮವೇ ಇಲ್ಲದ ಮೇಲೆ ಮುರಿಯುವುದು ಯಾವುದನ್ನು?

ಪಿಆರ್‌ನವರಿಗಾದರೆ ನಿಯಮ ಉಂಟು. 1965ರಲ್ಲಿ ಅಥೆನ್ಸ್‌ನಲ್ಲಿ ಒಪ್ಪಿದ ನೀತಿ ಸಂಹಿತೆಯನ್ನು ನಮ್ಮ ಪಬ್ಲಿಕ್ ರಿಲೇಷನ್ಸ್ ಸೊಸೈಟಿ 1968ರ ಏಪ್ರಿಲ್ 21ರಂದು ತನ್ನದಾಗಿಸಿಕೊಂಡಿತು. ಆ ದಿನವೇ ಈಗ ಸಾರ್ವಜನಿಕ ಸಂಪರ್ಕ ದಿನ. ಹಾರ, ಶಾಲು, ಭಾಷಣ. 2022ರ ದೀಪಾವಳಿಗೆ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ಪತ್ರಕರ್ತರಿಗೆ ಹೋದ ಸ್ವೀಟ್ ಬಾಕ್ಸ್ ಜೊತೆ ಲಕ್ಷ ರೂಪಾಯಿ ನೋಟೂ ಇತ್ತು ಎಂಬ ಆರೋಪ ಬಂತಲ್ಲ? ಹಾಗೆ ಕೊಡಿ ಎಂದು ತಾವು ಯಾರಿಗೂ ಹೇಳಿಲ್ಲ ಎಂದರು ಮುಖ್ಯಮಂತ್ರಿ. ಕೆಲವರು ವಾಪಸ್ ಕೊಟ್ಟರೆಂದು ಸುದ್ದಿಯಾಯಿತು. ಅಥೆನ್ಸ್‌ನಲ್ಲಿ ದೀಪಾವಳಿ ಇಲ್ಲವಲ್ಲ, ಸಂಹಿತೆಯಲ್ಲಿ ಮೈಸೂರು ಪಾಕಿನ ಬಗ್ಗೆ ಏನೂ ಬರೆದಿರಲಿಕ್ಕಿಲ್ಲ.

ಲಾಬಿ ಮಾಡುವವರು ಹೆಸರು, ಲೆಕ್ಕ ಕೊಡಲಿ ಎಂದು ಒಡಿಶಾದ ಸಂಸದ ಕಾಳಿಕೇಶ್ ನಾರಾಯಣ ಸಿಂಗ್ ದೇವ್ 2013ರಲ್ಲಿ ಖಾಸಗಿ ಮಸೂದೆಯೊಂದನ್ನು ತಂದರು. ಅದು ಕಾನೂನಾಗಲಿಲ್ಲ. ಅದರ ಪರವಾಗಿ ಕಾಫಿಗೆ ಹೋಗುವವರು ಯಾರೂ ಇರಲಿಲ್ಲ.