ಎಲ್ಲಕ್ಕೂ ‘ಸಂಕೀರ್ಣ’ ಅನ್ನೋದು ಸಾಕು ಮಾಡೋಣ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಕಳೆದ ತಿಂಗಳು ನಿವೃತ್ತರ ಸಂಘವೊಂದರ ಕೈಪಿಡಿ ಕೈಗೆ ಬಂತು. ಕುಟುಂಬ ಪಿಂಚಣಿಯ ಅರ್ಜಿ ಕ್ರಮವನ್ನು ವಿನಾಕಾರಣ ‘ಕನ್ವಲ್ಯೂಟೆಡ್’, ಅಂದರೆ ಸುತ್ತುಬಳಸು, ಮಾಡಿದ್ದಾರೆ ಎಂದು ಅದರಲ್ಲೊಂದು ಸಾಲು. ನನ್ನ ಕೈ ತಾನಾಗಿಯೇ ‘ಸಂಕೀರ್ಣವಾಗಿದೆ’ ಎಂದು ಬರೆಯಿತು. ಕರಡು ಓದುತ್ತಿದ್ದ ಅಮ್ಮ ಆ ಪದದ ಮೇಲೆ ಬೆರಳಿಟ್ಟು, “ಇದು ತಾನಾಗೇ ಹೀಗಿದೆಯಾ ಮಗಾ, ಅವರು ಹೀಗೆ ಮಾಡಿಟ್ಟಿದ್ದಾ?” ಅಂತ ಕೇಳಿದಳು.

ಕೇಳುವ ಹಕ್ಕು ಅವಳಿಗಿದೆ. ಅಪ್ಪ ತೀರಿಕೊಂಡ ಮೇಲೆ ಏಳು ತಿಂಗಳು ಅದೇ ಪಿಂಚಣಿಗಾಗಿ ಒಂದು ಕಚೇರಿಗೆ ಅಲೆದವಳು ಅವಳು. ಸೇವಾ ಪುಸ್ತಕದಲ್ಲಿ ಅಪ್ಪನ ಹೆಸರಿಗೆ ಎರಡು ಇನಿಶಿಯಲ್, ಮರಣ ಪ್ರಮಾಣಪತ್ರದಲ್ಲಿ ಒಂದೇ. ಇಬ್ಬರೂ ಒಬ್ಬರೇ ಅನ್ನೋದಕ್ಕೆ ಅಫಿಡವಿಟ್ ಕೇಳಿದರು. ಮಾಡಿಸಿ ಒಯ್ದರೆ ಛಾಪಾ ಕಾಗದದ ಬೆಲೆ ಸಾಲದು ಅಂದರು. ಅದೂ ಸರಿಹೋದ ಮೇಲೆ ಗುಮಾಸ್ತರ ವರ್ಗಾವಣೆಯಾಗಿ, ಬಂದ ಹೊಸಬರು ಮೊದಲಿನಿಂದ ಶುರು ಮಾಡಿ ಅಂದರು. ಇಷ್ಟನ್ನೂ ‘ಸಂಕೀರ್ಣ’ ಅಂದುಬಿಟ್ಟರೆ ಆ ಮೇಜಿನ ಹಿಂದೆ ಯಾರೂ ಕೂತೇ ಇರಲಿಲ್ಲ ಅಂದ ಹಾಗಾಗುತ್ತದೆ.

ಇಂಗ್ಲಿಷ್ ಈ ವಿಷಯದಲ್ಲಿ ಹುಷಾರು. ‘ಕಾಂಪ್ಲೆಕ್ಸ್’ ಅಂದರೆ ಹೆಣೆದದ್ದು, ‘ಕಾಂಪ್ಲಿಕೇಟೆಡ್’ ಅಂದರೆ ಮಡಿಸಿದ್ದು, ‘ಕನ್ವಲ್ಯೂಟೆಡ್’ ಅಂದರೆ ಸುರುಳಿ ಸುತ್ತಿದ್ದು. ಮೂರಕ್ಕೂ ಬೇರು ಲ್ಯಾಟಿನ್. ಹವಾಮಾನವನ್ನು ಕಾಂಪ್ಲೆಕ್ಸ್ ಅಂದರೆ ಯಾರ ಮೇಲೂ ದೂರಿಲ್ಲ. ಒಂದು ಅರ್ಜಿ ನಮೂನೆಯನ್ನು ಕನ್ವಲ್ಯೂಟೆಡ್ ಅಂದರೆ ಅದರಲ್ಲೇ ದೂರು ಇದೆ. ‘ಬೈಜಾಂಟೈನ್’, ಅಂದರೆ ಒಳಸಂಚಿನಷ್ಟು ಗೋಜಲಾದದ್ದು, ಅನ್ನುವುದು ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಆಸ್ಥಾನದ ಒಳಸುಳಿಗಳ ನೆನಪಲ್ಲಿ ಹುಟ್ಟಿದ ಬೈಗುಳ. ಆ ಸಾಮ್ರಾಜ್ಯದ ಜನ ತಮ್ಮನ್ನು ರೋಮನ್ನರು ಅಂತಲೇ ಕರೆದುಕೊಳ್ಳುತ್ತಿದ್ದರು, ಪಾಪ.

ನನಗೆ ತುಂಬ ಇಷ್ಟವಾಗುವುದು ಮನುಷ್ಯರ ಹೆಸರಿಂದ ಬಂದ ಎರಡು ಪದ, ‘ಕಾಫ್ಕಾಯೆಸ್ಕ್’ ಮತ್ತು ‘ರೂಬ್ ಗೋಲ್ಡ್‌ಬರ್ಗ್’. 1883ರ ಜುಲೈ 3ರಂದು ಪ್ರಾಗ್‌ನಲ್ಲಿ ಕಥೆಗಾರ ಫ್ರಾನ್ಸ್ ಕಾಫ್ಕಾ ಹುಟ್ಟಿದ. ಮಾರನೇ ದಿನ, ಜುಲೈ 4ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್. ಕಾಫ್ಕಾ 1908ರಿಂದ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ದುಡಿದವ. ಗೋಲ್ಡ್‌ಬರ್ಗ್ ಎಂಜಿನಿಯರಿಂಗ್ ಓದಿ ಕೆಲಕಾಲ ತನ್ನೂರಿನ ನೀರು-ಒಳಚರಂಡಿ ಇಲಾಖೆಯಲ್ಲಿದ್ದವ. ಅವನದೊಂದು ಚಿತ್ರದಲ್ಲಿ ಬಾಯಿ ಒರೆಸುವ ಯಂತ್ರವಿದೆ. ಸೂಪಿನ ಚಮಚ ಎತ್ತಿದರೆ ದಾರ ಎಳೆದು ಸೌಟು ಬಿಸ್ಕತ್ತನ್ನು ಚಿಮ್ಮಿಸುತ್ತದೆ. ಅದರ ಹಿಂದೆ ಗಿಳಿ ಹಾರುತ್ತದೆ, ಅದು ಕೂತಿದ್ದ ಕೋಲು ವಾಲಿ ಕಾಳು ಬಕೆಟ್ಟಿಗೆ ಸುರಿಯುತ್ತದೆ. ಆ ಭಾರಕ್ಕೆ ಲೈಟರ್ ಹೊತ್ತಿ ರಾಕೆಟ್ ಹಾರಿ, ಅದಕ್ಕೆ ಕಟ್ಟಿದ ಕುಡುಗೋಲು ಇನ್ನೊಂದು ದಾರ ಕತ್ತರಿಸಿದಾಗ ಲೋಲಕದ ಕರವಸ್ತ್ರ ತೂಗಾಡಿ ಗಲ್ಲ ಒರೆಸುತ್ತದೆ. 1931ರಲ್ಲೇ ಅವನ ಹೆಸರು ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೆ ವಿಶೇಷಣವಾಗಿ ಸೇರಿತು. ‘ರೂಬ್ ಗೋಲ್ಡ್‌ಬರ್ಗ್’ ಅಂದರೆ ಪ್ರತಿ ಕೊಂಡಿಯೂ ಕಣ್ಣಿಗೆ ಕಾಣುತ್ತದೆ, ಕೊನೆಗೆ ಕೆಲಸವೂ ಆಗುತ್ತದೆ. ‘ಕಾಫ್ಕಾಯೆಸ್ಕ್’ ಅಂದರೆ ಯಾವ ಬಾಗಿಲು ತಟ್ಟಬೇಕು ಅನ್ನೋದೇ ತಿಳಿಯುವುದಿಲ್ಲ. ಅಮ್ಮನ ಏಳು ತಿಂಗಳು ಎರಡನೆಯ ಜಾತಿಯದು.

ಇಂಗ್ಲೆಂಡಿನಲ್ಲೂ ಇಂಥದೇ ಚಿತ್ರಗಾರನೊಬ್ಬನಿದ್ದ, ಹೀತ್ ರಾಬಿನ್ಸನ್. ಎರಡನೇ ಮಹಾಯುದ್ಧದ ಕಾಲ, 1943ರಲ್ಲಿ, ಬ್ರಿಟನ್ನಿನ ಗೂಢಲಿಪಿ ಕೇಂದ್ರವಾಗಿದ್ದ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಗೂಢಲಿಪಿ ಒಡೆಯಲು ಕಟ್ಟಿದ ಯಂತ್ರಕ್ಕೆ ಅವನ ಹೆಸರೇ ಬಿತ್ತು. ಎರಡು ಕಾಗದದ ಪಟ್ಟಿಗಳು ರಾಟೆಗಳ ಮೇಲೆ ಒಂದೇ ಲಯದಲ್ಲಿ ಓಡಬೇಕಿತ್ತು, ಆಗಾಗ ಹರಿದುಹೋಗುತ್ತಿದ್ದವು.

ಕನ್ನಡಕ್ಕೆ ಪದದ ಬಡತನವೇನೂ ಇಲ್ಲ. ಜಡೆಗಟ್ಟಿದ ಕೂದಲಿನ ಜಟೆಯಿಂದ ‘ಜಟಿಲ’ ಬಂದಿದೆ. ‘ಸಿಕ್ಕು’ ತಾನಾಗೇ ಆಗುವಂಥದ್ದು, ತಾಳ್ಮೆಯಿಂದ ಬಾಚಿದರೆ ಬಿಡುತ್ತದೆ. ‘ಗೋಜಲು’ ಅಂದರೆ ಎಲ್ಲಿ ಶುರು ಎಲ್ಲಿ ಕೊನೆ ಅಂತ ತಿಳಿಯದ್ದು. ಜೀರುಗುಣಿಕೆಯಾದರೆ ಒಂದು ತುದಿ ಎಳೆದರೆ ಸಾಕು, ಸರಕ್ಕನೆ ಬಿಚ್ಚುತ್ತದೆ. ‘ಕಗ್ಗಂಟ’ನ್ನು ಹಲ್ಲಲ್ಲಿ ಕಚ್ಚಿ ಎಳೆದರೂ ಬಿಚ್ಚುವುದಿಲ್ಲ. ಮತ್ತೆ ಗಂಟು ಅಂದ ಮೇಲೆ ಅದನ್ನು ಹಾಕಿದ ಕೈ ಇರಲೇಬೇಕಲ್ಲ. ಗೋಲ್ಡ್‌ಬರ್ಗ್‌ನ ಯಂತ್ರಕ್ಕಂತೂ ‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ’ ಅನ್ನುವ ಗಾದೆ ಸಿದ್ಧವಾಗೇ ಇದೆ. ಇಷ್ಟೆಲ್ಲ ಇಟ್ಟುಕೊಂಡು ನಾವು ಮಿದುಳಿಗೂ ಸಂಕೀರ್ಣ, ತೆರಿಗೆ ನಮೂನೆಗೂ ಸಂಕೀರ್ಣ, ಅಂಗಡಿಗಳಿರುವ ಕಟ್ಟಡಕ್ಕೂ ‘ವಾಣಿಜ್ಯ ಸಂಕೀರ್ಣ’ ಅಂತ ಬರೆಯುತ್ತೇವೆ. ನನಗೆ ಇದು ಬರೀ ಸೋಮಾರಿತನ ಅನ್ನಿಸುವುದಿಲ್ಲ, ನೊಂದವರಿಗೆ ಮಾಡುವ ಅನ್ಯಾಯ ಅನ್ನಿಸುತ್ತದೆ.

ಆ ಸಾಲನ್ನು ಹೊಡೆದು ‘ಅರ್ಜಿಯ ಕ್ರಮವನ್ನು ವಿನಾಕಾರಣ ಕಗ್ಗಂಟು ಮಾಡಿಟ್ಟಿದ್ದಾರೆ’ ಎಂದು ಬರೆದೆ. ಸಂಘದವರು ಫೋನ್ ಮಾಡಿ, “ಕಗ್ಗಂಟು ಇರಲಿ ಸರ್. ಆದರೆ ಮೇಲಿನವರೂ ಓದ್ತಾರೆ, ‘ಮಾಡಿಟ್ಟಿದ್ದಾರೆ’ ಅನ್ನೋದನ್ನ ‘ಆಗಿದೆ’ ಅಂತ ಮಾಡಬಹುದಾ?” ಅಂದರು. ಆಗಲ್ಲ ಅಂದೆ. ಅವರು ಒಂದು ದಿನ ಯೋಚಿಸಿ ಒಪ್ಪಿಕೊಂಡರು. ಕೈಪಿಡಿ ಈಗ ಅಚ್ಚಿಗೆ ಹೋಗಿದೆ, ಮೊದಲ ಪ್ರತಿ ತನಗೆ ಬೇಕು ಅಂತ ಅಮ್ಮ ಹೇಳಿಟ್ಟಿದ್ದಾಳೆ.